ಹಸಿರು ಉಪ್ಪು, ಕಪ್ಪು ಮರಳು

ಮಳೆ ಹಿಡಿದರೆ ಅಹಮದಾಬಾದಿನ ನಮ್ಮ ವಸ್ತ್ರಾಪುರದ ಮನೆಯಲ್ಲಿ ಮೊದಲು ಬೆವರುವುದು ಉಪ್ಪು. ಮೊನ್ನೆ ಮಗಳು ಮಜ್ಜಿಗೆಗೆ ಉಪ್ಪು ಹಾಕಲು ಹೋಗಿ ಅಡುಗೆಮನೆಯಿಂದಲೇ ಕೂಗಿದಳು: “ಅಮ್ಮಾ, ಮೀಠು ಎಲ್ಲಾ ಗೀಲಾ ಆಗಿದೆ. ಈ ಓಲ್ಡ್ ಬಾಟಲಿ ಫೆಂಕ್ ಮಾಡು ನಾ!” ಗುಜರಾತಿನಲ್ಲೇ ಬೆಳೆದ ಹುಡುಗಿ, ಅವಳ ಒಂದು ವಾಕ್ಯದಲ್ಲಿ ನಾಲ್ಕು ಭಾಷೆಗಳು ಪಂಕ್ತಿ ಹಾಕಿ ಕೂತಿರುತ್ತವೆ.

“ಉಪ್ಪು ಬೇಕಾದ್ರ ಚೆಲ್ಲು, ಬಾಟಲಿ ಮುಟ್ಟಬ್ಯಾಡ” ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. ಪಾಪ, ಹುಡುಗಿ ಬಾಟಲಿಯನ್ನು ದೇವರ ಕೋಣೆಯ ಗಂಟೆ ಇಟ್ಟ ಹಾಗೆ ಮೆಲ್ಲಗೆ ಇಟ್ಟು ಹೋದಳು. ದಪ್ಪ ಗಾಜಿನ, ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ ಅದು. ಸೂರತ್ತಿನ ಉಧ್ನಾದಲ್ಲಿದ್ದ ಒಂದು ಉಡುಪಿ ಹೋಟೆಲಿನದು. ತಳದಲ್ಲಿ ಪಸೆಗಟ್ಟಿದ ಉಪ್ಪನ್ನು ಚಮಚದಿಂದ ಕೆರೆಯುತ್ತಿದ್ದಂತೆ ನನಗೆ ವಡೋದರಾದ ಆ ಮಳೆಗಾಲ ನೆನಪಾಯಿತು. ಸುಮಿತ್ರಾ ಮೇಡಂ ನೆನಪಾದರು.

ಆಗ ನನ್ನವರು ವಡೋದರಾದ ಬ್ಯಾಂಕ್ ಶಾಖೆಯಲ್ಲಿದ್ದರು. ಅವರಿಗೆ ವರ್ಗವಾದಲ್ಲಿಗೆ ಟ್ರಂಕು, ಕುಕ್ಕರು ಮತ್ತು ನಾನು ಹೋಗುವುದು ರೂಢಿ. ಧಾರವಾಡದಲ್ಲಿ ಓದಿದ ಎಂಎಸ್ಸಿ ರಸಾಯನಶಾಸ್ತ್ರ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ವಾಸನೆ ಹಿಡಿಯುತ್ತಿತ್ತು. ಅಲ್ಲಿನ ಕಾಲೇಜಿನ ಪ್ರಯೋಗಾಲಯವೊಂದಕ್ಕೆ ಸಹಾಯಕಿ ಬೇಕೆಂದು ತಿಳಿದು ಹೋದೆ. ಬಿಳಿ ಕೂದಲನ್ನು ಗಂಟು ಹಾಕಿ, ಹತ್ತಿ ಸೀರೆಯ ಮೇಲೆ ಕೋಟು ತೊಟ್ಟ ಹೆಂಗಸು ಇಂಗ್ಲಿಷಿನಲ್ಲಿ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. ಎಲ್ಲ ಮುಗಿದ ಮೇಲೆ ಕನ್ನಡಕ ತೆಗೆದು, “ಊಟ ಆಗಿದೆಯಾ ನಿಂದು?” ಎಂದರು. ಗುಜರಾತಿಗೆ ಬಂದ ಮೇಲೆ ನನಗೆ ಆದ ದೊಡ್ಡ ಸಂತೋಷ ಅದು.

ಸುಮಿತ್ರಾ ಮೇಡಂ ಹುಟ್ಟಿದ್ದು ಉಳ್ಳಾಲದ ಕಡಲ ಬದಿಯಲ್ಲಿ. ಅವರಪ್ಪ ಉಧ್ನಾದಲ್ಲಿ ಹೋಟೆಲಿಟ್ಟರು. ಮಗ್ಗದ ಕಾರ್ಖಾನೆಗಳಿಗೆ ಹೋಗುವವರು ಇಡ್ಲಿ ತಿಂದು ಪಾಳಿಗೆ ಓಡುತ್ತಿದ್ದ ಜಾಗ ಅದು. ಆ ಹೋಟೆಲಿನ ಒಳಕೋಣೆಯಲ್ಲಿ, ರುಬ್ಬುವ ಯಂತ್ರದ ಸದ್ದಿನ ಪಕ್ಕದಲ್ಲಿ ಓದಿ ಮೇಡಂ ಯುರೇನಿಯಂ ರಸಾಯನಶಾಸ್ತ್ರದವರೆಗೆ ಬಂದಿದ್ದರು. ಹೋಟೆಲು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಪಾತ್ರೆ ತೊಳೆದದ್ದು ಸರಿಯಿಲ್ಲದಿದ್ದರೆ, “ಇದ್ರಲ್ಲಿ ಗಿರಾಕಿಗೆ ಚಾ ಕೊಡ್ತೀಯಾ ನೀನು?” ಎಂದು ಫ್ಲಾಸ್ಕನ್ನು ಬೆಳಕಿಗೆ ಹಿಡಿಯುತ್ತಿದ್ದರು.

ಅವರು ಮಾಡುತ್ತಿದ್ದುದೂ ಒಂದು ಉಪ್ಪೇ. ಯುರೇನಿಯಂ ಮತ್ತು ಕ್ಲೋರಿನ್ ಕೂಡಿ ಆಗುವ ಯುರೇನಿಯಂ ಟೆಟ್ರಾಕ್ಲೋರೈಡ್. ನಮಗೆ ಸಿಗುತ್ತಿದ್ದುದು ಅಣುವಿದ್ಯುತ್ತಿಗೆ ಬೇಕಾದ ಸತ್ವ ತೆಗೆದ ಮೇಲೆ ಉಳಿಯುವ ಸಪ್ಪೆ ಯುರೇನಿಯಂ. ಆದರೂ ಹೆಸರು ಹೆಸರೇ ನೋಡಿ. ನಾನು ಕೆಲಸದ ಸುದ್ದಿ ಹೇಳಿದ ದಿನ ನನ್ನವರು ಊಟದ ತಟ್ಟೆಯಿಂದ ತಲೆ ಎತ್ತದೆ, “ಛಲೋ ಆತು ಬಿಡು, ಇನ್ನ ಮ್ಯಾಲೆ ಮನಿಗೆ ಲೈಟ ಬ್ಯಾಡ” ಅಂದರು. ಒಳಗೆ ಅವರಿಗೆ ಪುಕುಪುಕು ಇತ್ತು. ನನಗೂ ಇತ್ತು, ಮನೆಯಲ್ಲಿ ಎಳೆ ಮಗಳಿದ್ದಳಲ್ಲ. ಮೊದಲ ದಿನವೇ ಮೇಡಂ ಅದನ್ನು ನನ್ನ ಮುಖದಲ್ಲಿ ಓದಿದರು.

“ಹೆದರ್ಬೇಕು, ಆದ್ರೆ ಸರಿಯಾದ್ದಕ್ಕೆ ಹೆದರ್ಬೇಕು” ಎಂದರು. “ಇದ್ರ ಮುಖ್ಯ ಕಿರಣ ತಡೀಲಿಕ್ಕೆ ಒಂದು ಕಾಗದ ಸಾಕು. ಆದ್ರೆ ಪುಡಿ ಒಳಗೆ ಹೋಯ್ತು ಅಂತಿಟ್ಕೋ, ಕಿಡ್ನಿ ತಿಂದು ಹಾಕ್ತದೆ. ಹಾಗಾಗಿ ಈ ಬಾಗಿಲಿಂದ ಒಳಗೆ ಕೈ ಬಾಯಿಗೆ ಹೋಗುವ ಹಾಗಿಲ್ಲ. ಇಲ್ಲಿಂದ ಒಂದು ಚೂರು ಹೊರಗೆ ಹೋಗುವ ಹಾಗೂ ಇಲ್ಲ. ಇಷ್ಟೇ ನನ್ನ ಮಡಿ.”

ಆ ಮಡಿಗೆ ನಮ್ಮ ಅಜ್ಜಿಯೂ ತಲೆಬಾಗಬೇಕಿತ್ತು. ಒಳಗಿನ ಚಪ್ಪಲಿ ಒಳಗೆ, ಹೊರಗಿನದು ಹೊರಗೆ. ಹೊರಡುವಾಗ ಕೈ, ತೋಳು, ಅಂಗಾಲಿನ ಮೇಲೆಲ್ಲ ವಿಕಿರಣ ಅಳೆಯುವ ಮೀಟರ್ ಆಡಿಸಬೇಕು. ಯಾರೂ ನೋಡದ ದಿನವೂ ಮೇಡಂ ತಾವೇ ಒಂಟಿ ಕಾಲಲ್ಲಿ ಗೋಡೆ ಹಿಡಿದು ನಿಂತು ಅಂಗಾಲಿಗೆ ಮೀಟರ್ ಹಿಡಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಆ ಉಪ್ಪಿನ ಚೆಲುವು! ಕಿತ್ತಳೆ ಬಣ್ಣದ ಯುರೇನಿಯಂ ಆಕ್ಸೈಡ್ ಪುಡಿಯನ್ನು ಕ್ಲೋರಿನ್ ತುಂಬಿದ ಒಂದು ದ್ರವದ ಜೊತೆ ಕಾಯಿಸಿದರೆ ಮೊದಲು ಫ್ಲಾಸ್ಕೆಲ್ಲ ಗಾಢ ಕೆಂಪು. ಹಾಗೇ ಕಾಯುತ್ತ ಕೂತರೆ ಆ ಕೆಂಪಿನೊಳಗಿಂದ ಹಸಿರು ಇಳಿಯತೊಡಗುತ್ತದೆ. ಎಳೆ ಭತ್ತದ ಹಸಿರಲ್ಲ, ಬೇವಿನ ಎಲೆಯ ಹಸಿರೂ ಅಲ್ಲ, ಕಾಡಿನ ಕೊಳದ ಆಳದ ಹಸಿರು. ನಿವೃತ್ತಿಯ ಅಂಚಿನಲ್ಲಿದ್ದ ಆ ಹೆಂಗಸು ಪ್ರತಿ ಸಲವೂ, “ಬಂತು ನೋಡು, ಬಂತು!” ಎಂದು ನನ್ನ ತೋಳು ಹಿಡಿದೆಳೆಯುತ್ತಿದ್ದರು. ಅದೇ ಮೊದಲ ಸಲ ನೋಡುವವರ ಹಾಗೆ.

ಆದರೆ ಈ ಚೆಲುವೆಗೆ ನೀರು ಆಗದು. ಗಾಳಿಯ ತೇವ ಸೋಕಿದರೂ ಸಾಕು, ಅದನ್ನು ಹೀರಿ, ಹುಳಿ ಹೊಗೆ ಬಿಟ್ಟು, ಅಂಟು ಕೆಸರಾಗಿ ಕೂರುತ್ತದೆ. ಆದ್ದರಿಂದ ಅದರ ಸಂಸಾರವೆಲ್ಲ ಗ್ಲೋವ್ ಬಾಕ್ಸ್ ಎಂಬ ಪೆಟ್ಟಿಗೆಯೊಳಗೆ. ಎದುರಿಗೆ ಗಾಜು, ಗಾಜಿಗೆ ಎರಡು ಉದ್ದ ರಬ್ಬರ್ ಕೈಗವಸು, ಒಳಗೆ ಗಾಳಿಯ ಬದಲು ಆರ್ಗಾನ್ ಅನಿಲ. ಸಿಲಿಂಡರಿನಿಂದ ಆರ್ಗಾನ್ ಬರುತ್ತಿರುವವರೆಗೆ ಒಳಗೆ ಬೇಸಿಗೆ. ಸಿಲಿಂಡರ್ ಮುಗಿಯಿತೋ, ವಡೋದರಾದ ಮಳೆಗಾಲ ಸಂದಿಗೊಂದಿಯಿಂದ ಒಳಗೆ ನುಗ್ಗುತ್ತದೆ. ದಿನಾ ಬೆಳಿಗ್ಗೆ ಸಿಲಿಂಡರಿನ ಮುಳ್ಳು ನೋಡುವುದು ನನ್ನ ಕೆಲಸವಾಗಿತ್ತು.

ಆ ಹಸಿರು ಉಪ್ಪಿಗೆ ತಾವೇ ಕಟ್ಟಿದ ಒಂದು ಅಣುವನ್ನು ಜೋಡಿಸಿ, ಆ ಜೋಡಿಯ ಒಂದು ಹರಳು ಬೆಳೆಸಬೇಕೆನ್ನುವುದು ಮೇಡಂ ಆಸೆ. ಹರಳು ಸಿಕ್ಕಿದರೆ ಎಕ್ಸ್‌ರೇ ಹಾಯಿಸಿ ಒಳಗೆ ಯಾರು ಯಾರ ಕೈ ಹಿಡಿದು ನಿಂತಿದ್ದಾರೆಂದು ನೋಡಬಹುದು. ಎಷ್ಟೋ ವರ್ಷ ಕೈಕೊಟ್ಟಿತ್ತು. ಆ ಮಳೆಗಾಲ ಕಳೆದರೆ ಮೇಡಂ ನಿವೃತ್ತಿ. ಅವರ ನಂತರ ಹೊಣೆ ಹೊರುವವರು ಯಾರೂ ಇಲ್ಲದ್ದರಿಂದ ಯುರೇನಿಯಂ ಎಲ್ಲವನ್ನೂ ಕೊಟ್ಟವರಿಗೇ ಹಿಂತಿರುಗಿಸಬೇಕು. ಡಬ್ಬಿಯ ತಳದಲ್ಲಿ ಇನ್ನೊಂದೇ ಸಲಕ್ಕೆ ಆಗುವಷ್ಟು ಪುಡಿ ಇತ್ತು. ಆಗುವುದಿದ್ದರೆ ಈ ಸಲ, ಇಲ್ಲದಿದ್ದರೆ ಇಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಮೇಡಂ ಅಪ್ಪ ತೀರಿಕೊಂಡಿದ್ದರು. ಅಸ್ಥಿ ಬಿಡಲು ಉಳ್ಳಾಲಕ್ಕೆ ಹೋದವರು ಬರುವಾಗ ಅಲ್ಲಿನ ದಡದಿಂದ ಮರಳು ತಂದಿದ್ದರು. ಹೋಟೆಲಿನ ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿ ತಮ್ಮ ಕೋಣೆಯ ಮೇಜಿನ ಮೇಲೆ, ಫೈಲುಗಳ ಹಿಂದೆ ಇಟ್ಟುಕೊಂಡಿದ್ದರು. ಕಪ್ಪು ಕಪ್ಪಾಗಿ ಹೊಳೆಯುವ ಮರಳು. “ಅಲ್ಲಿ ಬಿಳಿ ಮರಳೂ ಉಂಟು. ಅಪ್ಪನಿಗೆ ಈ ಕಪ್ಪು ಗೆರೆಯೇ ಇಷ್ಟ. ಸಣ್ಣದಿರುವಾಗ ಅದ್ರಲ್ಲೇ ಬರೆದು ಅಕ್ಷರ ಕಲಿತದ್ದಂತೆ” ಎಂದಿದ್ದರು.

ಕೊನೆಯ ಪುಡಿ ಕೆಂಪಾಯಿತು, ಹಸಿರಾಯಿತು. ಮೇಡಂ ಅದಕ್ಕೆ ತಮ್ಮ ಅಣುವನ್ನು ಸೇರಿಸಿ ಪೆಟ್ಟಿಗೆಯೊಳಗೆ ಹರಳುಗಟ್ಟಲು ಬಿಟ್ಟರು. ಬಹಳ ದಿನ ಏನೂ ಇಲ್ಲ. ಹೊರಗೆ ಮಳೆ ಹೊಯ್ಯುತ್ತಿತ್ತು, ವಿಶ್ವಾಮಿತ್ರಿ ನದಿ ದಿನದಿಂದ ದಿನಕ್ಕೆ ಏರುತ್ತಿತ್ತು. ಒಂದು ಬೆಳಿಗ್ಗೆ ಗಾಜಿಗೆ ಮೂಗೊತ್ತಿ ನೋಡಿದರೆ ಸೀಸೆಯ ಗೋಡೆಗೆ ಸಾಸಿವೆಗಿಂತ ಎಷ್ಟೋ ಸಣ್ಣ ಹಸಿರು ಕಣಗಳು, ಮೂಲೆ ಅಂಚುಗಳ ಸಮೇತ.

ಮೇಡಂ ಕೂಡಲೇ ಕೈಗವಸಿಗೆ ಕೈ ತೂರಿಸಿ ಅವುಗಳಲ್ಲಿ ಕೆಲವನ್ನು ಎತ್ತಲು ಹೊರಟರು.

“ಇನ್ನೂ ಕೂಸು ಅದಾವ್ರೀ ಮೇಡಂ. ಬೆಳೀಲಿ ತಡೀರಿ” ಅಂದೆ.

“ಮೊದಲಿನದ್ದು ನಮ್ಮದಲ್ಲ ಮಾರಾಯ್ತಿ. ದೇವರ ಪಾಲು.”

ಇದು ಅವರ ಹೋಟೆಲಿನ ಕ್ರಮ. ಬೆಳಗಿನ ಮೊದಲ ಇಡ್ಲಿ, ಮೊದಲ ದೋಸೆ ಗಿರಾಕಿಗಿಲ್ಲ, ಎತ್ತಿಟ್ಟು ಮುಚ್ಚಿಡಬೇಕು. ಯಾವ ಅವಸರವಿದ್ದರೂ ಅವರಪ್ಪ ಇದನ್ನು ತಪ್ಪಿಸಿದವರಲ್ಲ. ಮಗಳು ಆ ಕ್ರಮವನ್ನು ಯುರೇನಿಯಂಗೂ ಹಚ್ಚಿದ್ದರು. ಯಾವುದರ ಹರಳು ಮೂಡಿದರೂ ಮೊದಲ ಕೆಲವನ್ನು ಕಡ್ಡಿಗಿಂತ ತೆಳ್ಳಗಿನ ಗಾಜಿನ ನಳಿಕೆಗೆ ಇಳಿಸಿ, ತುದಿ ಕರಗಿಸಿ ಮುಚ್ಚಿ, ಪ್ರಯೋಗಾಲಯದ ಕಪಾಟಿನಲ್ಲಿಟ್ಟು ಬೀಗ ಹಾಕುವರು. ಅಂದೂ ಹಾಗೇ ಮಾಡಿದರು. ನಾನು ಮನಸ್ಸಿನಲ್ಲೇ ನಕ್ಕೆ. ಇಷ್ಟು ಓದಿದವರಿಗೂ ಎಂಥ ನಂಬಿಕೆಯಪ್ಪ ಅಂದುಕೊಂಡೆ.

ಅದೇ ವಾರ ಹೊಸ ಮೀಟರ್ ಬಂತು. ಹಳೆಯದಕ್ಕಿಂತ ಬಹಳ ಚುರುಕಿನದು. ಮಕ್ಕಳು ಆಟಿಕೆ ಬಿಚ್ಚಿದಂತೆ ಅದನ್ನು ಮೇಡಂ ಕೋಣೆಯ ಮೇಜಿನ ಮೇಲೇ ಬಿಚ್ಚಿ ಗುಂಡಿ ಒತ್ತಿದೆವು. ಎಲ್ಲ ಕಡೆ ಇರುವ ಸಹಜ ವಿಕಿರಣಕ್ಕೆ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನಬೇಕು. ನಮ್ಮದು ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಎನ್ನತೊಡಗಿತು. ಬಾಗಿಲಿಗೆ ಒಯ್ದರೆ ಕಡಿಮೆ. ಮೇಜಿಗೆ ತಂದರೆ ಮತ್ತೆ ಚಟಪಟ.

ಮೇಡಂ ಮುಖದ ರಕ್ತ ಇಳಿದುಹೋಯಿತು. ತಮ್ಮ ಕೈಗೆ, ನನ್ನ ಕೈಗೆ, ಚಪ್ಪಲಿಗಳಿಗೆ ಹಿಡಿದು ನೋಡಿದರು. ಏನೂ ಇಲ್ಲ. ಮೀಟರ್ ಕೆಳಗಿಟ್ಟು, “ಹೊರಗೆ ನಡಿ” ಎಂದರು. “ಲ್ಯಾಬಿನಿಂದ ಹೊರಗೆ ಬಂದಿದೆ. ನನ್ನ ಮೇಜಿಗೇ ಬಂದಿದೆ.”

“ಹೆಂಗ ಬರತೈತ್ರೀ? ನೀವು ದಿನಾ ಅಂಗಾಲು ಸುದ್ದಾ ನೋಡ್ತೀರಿ.”

“ಬಂದಿದೆಯಲ್ಲ. ಹೇಗೆ ಅಂತ ಆಮೇಲೆ.”

ಅವರು ತಮ್ಮ ಕೋಣೆಗೂ ಪ್ರಯೋಗಾಲಯಕ್ಕೂ ಬೀಗ ಹಾಕಿ, ಬಾಗಿಲಿಗೆ ಅಡ್ಡಪಟ್ಟಿ ಅಂಟಿಸಿ, ಅಲ್ಲೇ ನಿಂತು ಅಹಮದಾಬಾದಿನಲ್ಲಿದ್ದ ಸುರಕ್ಷತಾ ಅಧಿಕಾರಿಗೆ ಫೋನು ಮಾಡಿದರು. ಹೊಣೆ ತಮ್ಮದೇ ಎಂದು ಮೊದಲ ಮಾತಿನಲ್ಲೇ ಹೇಳಿದರು. ನನಗೆ ಸಿಲಿಂಡರಿನ ಮುಳ್ಳು ಕಣ್ಣಿಗೆ ಕಟ್ಟಿತು. ಮರುದಿನ ಬದಲಿಸಬೇಕಿತ್ತು.

“ಮೇಡಂ, ಒಂದ್ ಸಲ ಒಳಗ ಹೋಗಿ ಸಿಲಿಂಡರ್ ಬದಲು ಮಾಡಿ ಬರ್ತೇನ್ರೀ. ಯಾರಿಗೂ ಗೊತ್ತಾಗಂಗಿಲ್ಲ.”

“ನನಗೆ ಗೊತ್ತಾಗ್ತದಲ್ಲ” ಎಂದರು. ಆಮೇಲೆ ಮೆತ್ತಗಾಗಿ, “ನಿನ್ನ ಕಾಲಿಗಂಟಿ ಅದು ನಿನ್ನ ಮಗುವಿನ ಹಾಸಿಗೆಗೆ ಹೋದ್ರೆ? ಹರಳು ಹೋದ್ರೆ ಹೋಗ್ಲಿ” ಎಂದರು. ಬೀಗದ ಕೈಗಳೆರಡನ್ನೂ ಕಚೇರಿಗೆ ಒಪ್ಪಿಸಿ, ಛತ್ರಿ ಬಿಚ್ಚಿ ಮಳೆಯಲ್ಲಿ ಮನೆಗೆ ನಡೆದುಹೋದರು.

ಅಧಿಕಾರಿ ಮರುದಿನ ಬರಬೇಕಿತ್ತು. ಆದರೆ ವಿಶ್ವಾಮಿತ್ರಿ ಉಕ್ಕಿ ಊರೊಳಗೆ ಬಂದಿತು. ರಸ್ತೆ ಬಂದ್, ಕರೆಂಟ್ ಬಂದ್. ನಮ್ಮ ಬೀದಿಯ ಕೊನೆಯಲ್ಲಿ ಮೊಸಳೆ ಕಂಡಿತೆಂದು ಹಾಲಿನವನೂ ಬರಲಿಲ್ಲ. ಕಾಲೇಜು ಎತ್ತರದಲ್ಲಿದ್ದುದರಿಂದ ನೀರು ಅಲ್ಲಿಗೆ ಹೋಗದು. ಆದರೆ ತೇವಕ್ಕೆ ಯಾವ ಎತ್ತರ? ನಾನು ಕಿಟಕಿಯಲ್ಲಿ ಕೂತು ಆ ಹಸಿರು ಕೂಸುಗಳನ್ನು ನೆನೆದು ಕಣ್ಣೀರು ಹಾಕಿದೆ. ಇಷ್ಟು ವರ್ಷದ ತಪಸ್ಸು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಇಲ್ಲಿ ಕುಂಬಾರನೇ ದೊಣ್ಣೆ ಎತ್ತಿಕೊಂಡಂತಾಗಿತ್ತು. ಮೇಡಂ ಮೇಲೆ ಸಿಟ್ಟೂ ಬಂತು.

ನೀರು ಇಳಿಯುತ್ತಲೇ ಅವರ ಮನೆಗೆ ಓಡಿದೆ. ಬಾಣಲೆಯಲ್ಲಿ ನೀರುಳ್ಳಿ ಬಜೆ ಕರಿಯುತ್ತಿದ್ದರು. ನನ್ನ ಮುಖ ನೋಡಿ ತಟ್ಟೆ ಮುಂದಿಟ್ಟರು.

“ಹೊಟ್ಟಿ ಉರಿಯೂದಿಲ್ಲೇನ್ರೀ ನಿಮಗ?” ಎಂದೆ.

“ಉರೀದೆ ಏನು? ನಿನ್ನೆ ಪೂರಾ ಉರೀತು” ಎಂದರು. ಬಜೆ ತಿರುವಿ ಹಾಕುತ್ತ, ಅಪ್ಪನ ಮಾತು ತೆಗೆದರು. ಹೋಟೆಲಿಗೆ ರಜೆ ಇದ್ದ ದಿನ ಅಪ್ಪ ಮಕ್ಕಳನ್ನು ಸೂರತ್ತಿನ ಡುಮಸ್ ಕಡಲಿಗೆ ಕರೆದೊಯ್ಯುತ್ತಿದ್ದರಂತೆ. ಅಲ್ಲೂ ಮರಳು ಕಪ್ಪು. ನೀರಿನಲ್ಲಿ ಕಾಲಿಟ್ಟು, “ಇದೇ ನೀರು ನಮ್ಮ ಉಳ್ಳಾಲದ್ದು. ಊರು ದೂರ ಇಲ್ಲ ಮಗಾ” ಅನ್ನುತ್ತಿದ್ದರಂತೆ. “ಒಂದು ಸಲ ಸಾಂಬಾರಿಗೆ ಹಲ್ಲಿ ಬಿತ್ತು ಅಂತ ಸಂಶಯ. ಬಿದ್ದದ್ದು ಯಾರೂ ನೋಡಿಲ್ಲ. ಮಧ್ಯಾಹ್ನದ ರಶ್ಶು. ಅಪ್ಪ ಇಡೀ ಹಂಡೆ ಚೆಲ್ಲಿ ಬಾಗಿಲು ಹಾಕಿದ್ರು. ಅವರ ಮಗಳಲ್ವಾ ನಾನು?”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆ ಹೊತ್ತಿನಿಂದ ಇಂದಿನವರೆಗೆ ಅವರ ಮೇಲೆ ನನಗಿರುವುದು ಗೌರವ ಎಂದರೆ ಕಡಿಮೆಯಾಗುತ್ತದೆ. ಹಾಗೆ ಬಾಳಬೇಕು ಎನ್ನುವ ಆಸೆ ಅದು.

ಸುರಕ್ಷತಾ ಅಧಿಕಾರಿ ಮೇಹುಲ್‌ಭಾಯಿ ಬಂದರು. ಮೈತುಂಬ ಬಿಳಿ ಉಡುಪು ತೊಟ್ಟು ಮೊದಲು ಪ್ರಯೋಗಾಲಯಕ್ಕೆ ಹೋದರು. ನೆಲ, ಸಿಂಕು, ಚಪ್ಪಲಿ, ಪೆಟ್ಟಿಗೆಯ ಹೊರಮೈ, ಬಾಗಿಲ ಹಿಡಿಕೆ. ಹೊರಬಂದು ಹಿಂದಿಯಲ್ಲಿ, “ಬೆಹೆನ್, ನಿಮ್ಮ ಲ್ಯಾಬಿನಲ್ಲಿ ಒಂದು ಚೂರೂ ಸಿಗಲಿಲ್ಲ. ನಮ್ಮ ಮನೆ ಅಡುಗೆಮನೆ ಇಷ್ಟು ಸ್ವಚ್ಛ ಇಲ್ಲ” ಎಂದರು. ಆಮೇಲೆ ಮೇಡಂ ಕೋಣೆಗೆ ನಡೆದರು. ನಾವು ಬಾಗಿಲಲ್ಲಿ ನಿಂತೆವು. ಮೀಟರ್ ಚಟಪಟ ಶುರುಮಾಡಿತು. ಅವರು ಕುರ್ಚಿ ನೋಡಿದರು, ಫೈಲು ಒಂದೊಂದಾಗಿ ಎತ್ತಿ ನೋಡಿದರು. ಫೈಲುಗಳ ಹಿಂದೆ ಮೀಟರ್ ಆಡಿಸುತ್ತಲೇ ಸದ್ದು ಒಂದಕ್ಕೊಂದು ಅಂಟಿಕೊಂಡು ಜೋರಾಯಿತು. ಉಪ್ಪಿನಕಾಯಿ ಬಾಟಲಿಯತ್ತ ಕೈ ತೋರಿಸಿ ಕೇಳಿದರು, “ಇದೇನು?”

“ನಮ್ಮಪ್ಪ” ಎಂದರು ಮೇಡಂ.

ಮೇಹುಲ್‌ಭಾಯಿ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಮೇಡಂ ಹಣೆಗೆ ಕೈ ಬಡಿದುಕೊಂಡು, “ಥೋರಿಯಂ!” ಎಂದು ನಗತೊಡಗಿದರು. ನಮ್ಮ ಕರಾವಳಿಯ ಕಪ್ಪು ಮರಳಿನಲ್ಲಿ ಅಲ್ಲಲ್ಲಿ ಥೋರಿಯಂ ಇರುವ ಮೊನಜೈಟ್ ಖನಿಜ ಸೇರಿಕೊಂಡಿರುತ್ತದೆ. ಅದನ್ನು ವರ್ಷವರ್ಷವೂ ತರಗತಿಯಲ್ಲಿ ಪಾಠ ಮಾಡುತ್ತಿದ್ದವರು ಅವರೇ! ಉಳ್ಳಾಲದ ಹೆಸರನ್ನೂ ಹೇಳುತ್ತಿದ್ದರಂತೆ. ನಗು ಯಾವಾಗಲೋ ಅಳುವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

“ಲೋಕಕ್ಕೆಲ್ಲ ಮೀಟರ್ ಹಿಡಿದೆ. ಅಪ್ಪನಿಗೆ ಯಾರಾದ್ರೂ ಮೀಟರ್ ಹಿಡೀತಾರಾ, ನೀನೇ ಹೇಳು?”

ಬಾಟಲಿಯಷ್ಟು ಮರಳಿನಿಂದ ಯಾರಿಗೂ ಹೆದರಿಕೆಯಿಲ್ಲ, ಆದರೆ ವಿಕಿರಣ ಅಳೆಯುವ ಕಟ್ಟಡದಲ್ಲಿ ಇದು ಇರಬಾರದು ಎಂದರು ಮೇಹುಲ್‌ಭಾಯಿ. ಬಹಳ ಸಂಕೋಚದಿಂದ ಹೇಳಿದರು. ಮೇಡಂ ತಲೆಯಾಡಿಸಿದರು.

ಪೆಟ್ಟಿಗೆಯ ಮುಂದೆ ಹೋಗಿ ನಿಂತೆವು. ಸಿಲಿಂಡರಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ರಬ್ಬರ್ ಕೈಗವಸುಗಳು ಸೊರಗಿ ಜೋತಿದ್ದವು. ಸೀಸೆಯಲ್ಲಿ ಹರಳಿನ ಹೆಸರಿಲ್ಲ, ತಳದಲ್ಲಿ ಮಂಕು ಹಸಿರಿನ ಲೋಳೆ. ಬರೀ ಒಂದು ಬಾಟಲಿ ಮರಳಿಗಾಗಿ! ನನಗೆ ದುಃಖ ಒತ್ತರಿಸಿ ಬಂತು. ಮೇಡಂ ಮಾತ್ರ ಅದನ್ನು ಒಂದು ಕ್ಷಣ ನೋಡಿ, ಕಪಾಟಿನ ಬೀಗ ತೆಗೆದು, ಕಡ್ಡಿಗಿಂತ ತೆಳ್ಳಗಿನ ಆ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ದೇವರ ಪಾಲು ಕೂತಿತ್ತು. ಸಣ್ಣದು, ಒಣಗಿದ್ದು, ಆಳದ ಹಸಿರು. ಅಂಚುಗಳು ಇದ್ದ ಹಾಗೇ ಇದ್ದವು.

“ಇಷ್ಟ ಸಣ್ಣದು ಸಾಕಾಗತೈತೇನ್ರೀ?” ಎಂದೆ.

“ದೇವರಿಗೆ ಎಷ್ಟು ಬೇಕು? ಅವನಿಗೆ ಸಾಕಾದದ್ದು ನಮಗೂ ಸಾಕು.”

ಸಾಕಾಯಿತು. ಎಕ್ಸ್‌ರೇ ಯಂತ್ರದವರು ಮೊದಲು ಮೂಗು ಮುರಿದರು; ಆಮೇಲೆ ಪರದೆಯ ಮೇಲೆ ಚಿತ್ರ ಮೂಡಿತು. ನಡುವೆ ಯುರೇನಿಯಂ, ಸುತ್ತ ನಾಲ್ಕು ಕ್ಲೋರಿನ್, ಆ ಕಡೆ ಈ ಕಡೆ ಮೇಡಂ ಕಟ್ಟಿದ ಅಣು ಒಂದೊಂದು, ತೋಳು ಚಾಚಿ ಹಿಡಿದುಕೊಂಡು. ಅವರು ಅಂದುಕೊಂಡಿದ್ದ ಹಾಗೇ ಇತ್ತು. ಮೇಡಂ ಪರದೆಯ ಹತ್ತಿರ ಹೋಗಿ ಆ ನಡುವಿನ ಚುಕ್ಕೆಯನ್ನು ಬೆರಳಿನಿಂದ ಸವರಿದರು. ನಾನು ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟಿದ್ದು ಮಗಳು ಹುಟ್ಟಿದಾಗ ಒಮ್ಮೆ, ಆಗ ಒಮ್ಮೆ.

ನಿವೃತ್ತಿಗೆ ಮುಂಚೆ ಯುರೇನಿಯಂ ಎಲ್ಲ, ಆ ಲೋಳೆ ಮತ್ತು ನಳಿಕೆಯ ಸಮೇತ, ಬಂದಲ್ಲಿಗೆ ಹೋಯಿತು. ಅದನ್ನು ಹೊತ್ತ ವಾಹನ ಗೇಟು ದಾಟುವವರೆಗೆ ಮೇಡಂ ನಿಂತಿದ್ದರು. ಮಳೆ ನಿಂತ ಮೇಲೆ ಒಂದು ಭಾನುವಾರ ನಾವಿಬ್ಬರೂ ರೈಲಿನಲ್ಲಿ ಸೂರತ್ತಿಗೆ ಹೋಗಿ, ಅಲ್ಲಿಂದ ಡುಮಸ್‌ಗೆ ಹೋದೆವು. ಕಡಲು ಬಹಳ ಹಿಂದೆ ಸರಿದಿತ್ತು. ಮೇಡಂ ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ನಡೆದು ನೀರಿನವರೆಗೆ ಹೋದರು. ಬಾಟಲಿಯ ಮುಚ್ಚಳ ತೆಗೆದು ನಿಧಾನವಾಗಿ ಬಗ್ಗಿಸಿದರು. ಉಳ್ಳಾಲದ ಕಪ್ಪು ಡುಮಸ್‌ನ ಕಪ್ಪಿನಲ್ಲಿ ಬಿದ್ದಿತು. ಒಂದು ಅಲೆ ಬಂದು ಹೋದ ಮೇಲೆ ಯಾವುದು ಎಲ್ಲಿಯದೆಂದು ಹೇಳುವ ಹಾಗಿರಲಿಲ್ಲ.

“ಊರು ದೂರ ಇಲ್ಲ ಅಪ್ಪಾ” ಎಂದರು ಮೇಡಂ. ನನಗೆ ಹೇಳಿದ್ದಲ್ಲ ಅದು.

ಕೆಲವು ದಿನಗಳ ನಂತರ ಅವರು ಸೂರತ್ತಿಗೇ ಹೋಗಿ ನೆಲೆಸಿದರು. ನಮಗೆ ಅಹಮದಾಬಾದಿಗೆ ವರ್ಗವಾಯಿತು. ಬೀಳ್ಕೊಡುವಾಗ ಕಾಗದದಲ್ಲಿ ಸುತ್ತಿದ ಒಂದು ಗಂಟನ್ನು ನನ್ನ ಮಡಿಲಿಗಿಟ್ಟರು. ಬಿಚ್ಚಿದರೆ ಆ ಬಾಟಲಿ. ತಿಕ್ಕಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದರೆ ಗಿರಾಕಿಗೆ ಚಹಾ ಕೊಡುವಷ್ಟು ಫಳಫಳ ಮಾಡಿದ್ದರು. ನಾನು ಬೇಡವೆಂದೆ. ಅಪ್ಪನದು, ನಿಮ್ಮ ಹತ್ತಿರವೇ ಇರಲಿ ಎಂದೆ.

“ಉಪ್ಪು ಹಾಕಿಡು. ಖಾಲಿ ಇಟ್ರೆ ಅಪ್ಪನಿಗೆ ಆಗ್ತಿರಲಿಲ್ಲ” ಎಂದರು. ನನ್ನ ಕಣ್ಣು ತುಂಬಿದ್ದು ಕಂಡು ಕೆನ್ನೆ ತಟ್ಟಿದರು. “ಹೆದರ್ಬೇಡ ಮಾರಾಯ್ತಿ, ಈ ಸಲ ಮೀಟರ್ ಹಿಡಿದು ನೋಡಿಯೇ ಕೊಟ್ಟದ್ದು.”